ಹಾಡಿಗೆ ಹದವಿಟ್ಟ ಕೈ

ಒಳ್ಳೆಯ ಹಾಡೊಂದನ್ನು ಕೇಳಿ ತಲೆದೂಗುವಾಗ ನಾವು ಕವಿಯನ್ನು ನೆನೆಯುತ್ತೇವೆ, ಹಾಡಿದವರನ್ನು ಹೊಗಳುತ್ತೇವೆ, ರಾಗ ಕೂಡಿಸಿದವರಿಗೂ ಒಂದು ಪಾಲು ಕೊಡುತ್ತೇವೆ. ಆದರೆ ಮುದ್ರಿತವಾಗಿ ನಮ್ಮ ಮನೆಗೆ ಬರುವ ಹಾಡಿನಲ್ಲಿ ನಾಲ್ಕನೆಯವನ ಕೈಯೂ ಉಂಟು. ಕಂಠ ಎಷ್ಟು ಮುಂದೆ ಬರಬೇಕು, ಪಿಟೀಲು ಎಷ್ಟು ಹಿಂದೆ ಸರಿಯಬೇಕು, ತಬಲೆಯ ಪೆಟ್ಟು ಮಾತಿನ ಮೇಲೆ ಬೀಳದಂತೆ ಹೇಗೆ ತಡೆಯಬೇಕು ಎಂದು ತೂಗಿನೋಡುವವನು ಅವನು. ಸ್ಟುಡಿಯೋದವರು ಈ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಹದ. ಹದ ಕೆಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಸರಿಯಾಗಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೀಗಾಗಿ ಈ ನಾಲ್ಕನೆಯವನ ಚರಿತ್ರೆಯನ್ನು ಬರೆದವರೂ ಕಡಮೆ, ಕೇಳಿದವರೂ ಕಡಮೆ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ನೆಲದಲ್ಲಿ ಕುಳಿತು ಸ್ಟುಡಿಯೋದ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಸ್ಟುಡಿಯೋ ಹುಟ್ಟುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಈ ಹದವನ್ನು ಬಲ್ಲವರು ಇಲ್ಲಿದ್ದರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನ ಹೆಸರನ್ನು ಕನ್ನಡಿಗರು ಬಲ್ಲರು. 1930ರಲ್ಲಿ ಹುಟ್ಟಿದ ಆಕೆ ಬುಡ್ಗ ಜಂಗಮ ಸಮುದಾಯದವಳು, ಅಕ್ಷರ ಕಲಿತವಳಲ್ಲ. ಆದರೂ 12 ಕಥನಕಾವ್ಯಗಳು ಆಕೆಯ ನಾಲಗೆಯ ಮೇಲಿದ್ದವು. ಅಚ್ಚಿಗಿಳಿಸಿದರೆ 7,000 ಪುಟಗಳಷ್ಟಾಗುತ್ತವೆಂದು ಬಲ್ಲವರು ಲೆಕ್ಕ ಹೇಳುತ್ತಾರೆ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಇವೆಲ್ಲ ಆ ಭಂಡಾರಕ್ಕೆ ಸೇರಿದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಆಕೆಗೆ ಸಂದವು. 2014ರ ಆಗಸ್ಟಿನಲ್ಲಿ ಆಕೆ ತೀರಿಕೊಂಡಳು.

ಬುರ್ರಕಥೆಯ ಮೇಳ ಚಿಕ್ಕದು. ಕಥೆ ಹೇಳುವವರೊಬ್ಬರು, ವಾದ್ಯ ಬಾರಿಸುತ್ತ ಸೊಲ್ಲು ಹಿಡಿಯುವವರು ಒಬ್ಬಿಬ್ಬರು, ಅಷ್ಟೆ. ಕಥೆ ನಡೆಯುವಾಗ ವಾದ್ಯ ತಗ್ಗುತ್ತದೆ; ಸಾಲು ಮುಗಿದು ಉಸಿರು ತೆಗೆದುಕೊಳ್ಳುವಾಗ ಏಳುತ್ತದೆ. ಯುದ್ಧದ ಸನ್ನಿವೇಶ ಬಂದಾಗ ಬಿರುಸಾಗುತ್ತದೆ. ತಾಯಿ ಅಳುವಾಗ ನಿಂತೇಬಿಡುತ್ತದೆ. ಯಾರೂ ಗುಂಡಿ ತಿರುಗಿಸುವುದಿಲ್ಲ. ಕಣ್ಸನ್ನೆಯೇ ಸಾಕು. ಮಾತು ದೊರೆ, ವಾದ್ಯ ಪರಿವಾರ ಎಂಬ ಈ ನ್ಯಾಯವನ್ನು ಅವರು ಶಾಸ್ತ್ರ ಓದಿ ಕಲಿಯಲಿಲ್ಲ. ರಾತ್ರಿಯೆಲ್ಲ ಕುಳಿತು ಕೇಳುವ ಜನಕ್ಕೆ ಒಂದು ಮಾತು ತಪ್ಪಿದರೂ ಕಥೆ ತಪ್ಪುತ್ತದೆ ಎಂಬ ಅನುಭವದಿಂದ ಕಲಿತರು.

ಈಗ ಯಂತ್ರದ ಕಡೆಗೆ ಬರೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಳನ್ನು ಮೇಣದ ತಟ್ಟೆಗಿಳಿಸಿದ. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡದೊಂದು ಕಹಳೆ. ಅದರ ಬಾಯಿಗೆ ಮುಖವೊಡ್ಡಿ ಹಾಡಬೇಕು. ತಾರಕ್ಕೇರಿದಾಗ ತಲೆಯನ್ನು ಹಿಂದಕ್ಕೆಳೆಯಬೇಕು, ಮಂದ್ರಕ್ಕಿಳಿದಾಗ ಮುಂದೆ ಬಾಗಬೇಕು. ಸಾರಂಗಿಯವನು ಹತ್ತಿರ, ತಬಲದವನು ದೂರ. ಅಂದಿನ ಮಿಕ್ಸಿಂಗ್ ಎಂದರೆ ಇದೇ: ಯಾರನ್ನು ಎಷ್ಟು ಅಡಿ ದೂರ ಕೂರಿಸಬೇಕು ಎಂಬ ತೀರ್ಮಾನ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಮಾತ್ರ ಹಿಡಿಯುತ್ತಿತ್ತು. ಇಡೀ ರಾತ್ರಿಯ ರಾಗವನ್ನು 3 ನಿಮಿಷಕ್ಕೆ ಹಿಂಡಬೇಕಾದಾಗ ಅಲಂಕಾರಕ್ಕೆ ಎಡೆಯೆಲ್ಲಿ? ಬೇಕಾದದ್ದಷ್ಟೇ ಉಳಿಯಿತು.

1925ರ ಹೊತ್ತಿಗೆ ವಿದ್ಯುತ್ತಿನ ಮುದ್ರಣ ಬಂತು. ಮೈಕಿನ ಮುಂದೆ ಗಾಯಕ ಕೂಗಬೇಕಾಗಿರಲಿಲ್ಲ. ರಂಗದ ಮೇಲೆ ಕಡೆಯ ಸಾಲಿನವನಿಗೂ ಕೇಳುವಂತೆ ಎದೆ ತುಂಬಿ ಹಾಡಿ ರೂಢಿಯಾಗಿದ್ದ ನಮ್ಮ ನಾಟಕದ ನಟರಿಗೆ ಇದೊಂದು ಹೊಸ ಪಾಠ. ಮೆಲುದನಿಗೂ ಈಗ ಬೆಲೆ ಬಂತು. 1934ರ ‘ಸತಿ ಸುಲೋಚನ’ದಿಂದ ಕನ್ನಡ ಚಿತ್ರ ಮಾತಾಡತೊಡಗಿತು. ಮರುವರ್ಷ ಕಲ್ಕತ್ತೆಯ ನ್ಯೂ ಥಿಯೇಟರ್ಸಿನಲ್ಲಿ ನಿತಿನ್ ಬೋಸರು ಹಿನ್ನೆಲೆ ಗಾಯನದ ಪದ್ಧತಿಯನ್ನು ತಂದರು. ಅಲ್ಲಿಗೆ ಹಾಡುವ ಕಂಠವೂ ಕಾಣುವ ಮುಖವೂ ಬೇರೆಯಾದವು. ಅವೆರಡನ್ನೂ ಒಂದಾಗಿಸುವ ಹೊಣೆ ಧ್ವನಿಮುದ್ರಕನ ಹೆಗಲಿಗೆ ಬಿತ್ತು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು; 1955ರಲ್ಲಿ ಬೆಂಗಳೂರಿನದು. ಮುಂದೆ ಹೊಸಪೇಟೆಗೂ ಕೇಂದ್ರ ಬಂತು. ಆ ಕಾಲದ ಸುಗಮ ಸಂಗೀತವನ್ನು ಕೇಳಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಹಾಡಿದ ತಟ್ಟೆಗಳನ್ನೇ ತೆಗೆದುಕೊಳ್ಳಿ. ವಾದ್ಯಗಳು ಕೆಲವೇ, ಅವೂ ಹಿಂದೆ ನಿಂತು ದಾರಿ ಬಿಡುತ್ತವೆ. ಕವಿಯ ಮಾತು ಒಂದೊಂದೂ ಅಕ್ಕಿಯ ಕಾಳಿನಂತೆ ಬಿಡಿಬಿಡಿಯಾಗಿ ಕೇಳುತ್ತದೆ. ಪುಸ್ತಕ ತೆರೆದು ನೋಡದವರಿಗೂ ನವೋದಯದ ಕವಿತೆ ಬಾಯಿಗೆ ಬಂದದ್ದು ಇದರಿಂದ. ಹಾಡು ಗದ್ದಲವಾಗಿದ್ದರೆ ರಾಗ ಉಳಿಯುತ್ತಿತ್ತೇನೋ, ಕವಿತೆ ಉಳಿಯುತ್ತಿರಲಿಲ್ಲ.

ಚಿತ್ರಗೀತೆಯ ಕಥೆಯೂ ಬೇರೆಯಲ್ಲ. ಆ ದಶಕಗಳಲ್ಲಿ ಕನ್ನಡ ಚಿತ್ರಗಳ ಹಾಡುಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾಗುತ್ತಿದ್ದವು. ವಾದ್ಯವೃಂದವೆಲ್ಲ ಹಜಾರದಲ್ಲಿ, ಗಾಯಕರು ಮರೆಯ ಚಿಕ್ಕ ಕೋಣೆಯಲ್ಲಿ, ಗಾಜಿನಾಚೆ ಧ್ವನಿಮುದ್ರಕ. ನಾಲ್ಕಾರು ಮೈಕುಗಳಿಂದ ಬಂದ ನಾದ ಅವನ ಬೆರಳಡಿಯಲ್ಲಿ ಒಂದಾಗಿ ಒಂದೇ ಹಾದಿಯಲ್ಲಿ ಮುದ್ರಿತವಾಗುತ್ತಿತ್ತು. ಹಾಲಿಗೆ ಸಕ್ಕರೆ ಬೆರೆತಮೇಲೆ ಹೆಕ್ಕಿ ತೆಗೆಯಲಾದೀತೆ? ಪಿಟೀಲು ಜಾಸ್ತಿಯಾಯಿತೆಂದು ಮರುದಿನ ತಗ್ಗಿಸುವಂತಿರಲಿಲ್ಲ. ಒಬ್ಬನ ಬೆರಳು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಅದಕ್ಕಾಗಿಯೇ ಹಾಡು ಮುದ್ರಣಕ್ಕೆ ಮುಂಚೆಯೇ ಹದಗೊಂಡಿರಬೇಕಾಗಿತ್ತು. 1970ರಲ್ಲಿ ಬಿ. ಆರ್. ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ ವಿಜಯನಗರದ ವೈಭವವನ್ನು ತೆರೆಗೆ ತಂದಾಗ ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ವಾದ್ಯವೈಭವಕ್ಕೇನೂ ಕೊರತೆಯಿರಲಿಲ್ಲ. ಆದರೂ ಹಾಡಿನ ಮಾತು ಮರೆಯಾಗಲಿಲ್ಲ.

ಇಷ್ಟರಲ್ಲಿ ಕಡಲಾಚೆ ಬೇರೊಂದು ಬಾಗಿಲು ತೆರೆದಿತ್ತು. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 8 ಹಾದಿಗಳ ಟೇಪು ಯಂತ್ರವನ್ನು ತನ್ನ ಮನೆಗೆ ತರಿಸಿಕೊಂಡ. ಒಂದೊಂದು ವಾದ್ಯಕ್ಕೆ ಒಂದೊಂದು ಹಾದಿ. ಇಂದು ಕೊಳಲು, ನಾಳೆ ತಬಲ, ನಾಡಿದ್ದು ಕಂಠ. ಬೆರೆಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಹುದು. ನಮ್ಮಲ್ಲಿ 1978ರ ‘ನಿತ್ಯೋತ್ಸವ’ದಿಂದ ಭಾವಗೀತೆಯ ಕ್ಯಾಸೆಟ್ಟುಗಳ ಕಾಲ ಆರಂಭವಾಯಿತು, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. 1980ರ ದಶಕದಲ್ಲಿ ಶಂಕರನಾಗ್, ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋವನ್ನು ಕಟ್ಟಿದರು. ಬಳಿಕ ಕಂಪ್ಯೂಟರು ಬಂತು. ಹಾದಿಗಳು 8 ಅಲ್ಲ, 100 ಬೇಕಾದರೂ ಆಗಬಹುದು. ಬೆಂಗಳೂರು, ಮದರಾಸುಗಳಿಗೆ ಹೋಗಬೇಕೆಂದೂ ಇಲ್ಲ. ಹೊಸಪೇಟೆಯ ಮನೆಯ ಮಹಡಿಯಲ್ಲೇ ಹಾಡು ಸಿದ್ಧವಾಗುತ್ತದೆ.

ಈ ಸಿರಿಯನ್ನು ನಾನು ಹಳಿಯುವವನಲ್ಲ. ಬಡ ಕಲಾವಿದನ ಬಾಗಿಲಿಗೆ ಯಂತ್ರ ಬಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಸಿರಿಯೊಂದಿಗೆ ಒಂದು ಚಪಲವೂ ಬಂತು. ಹಾದಿ ಖಾಲಿಯಿದೆಯಲ್ಲ, ಇನ್ನೊಂದು ವಾದ್ಯವಿರಲಿ; ಗುಂಡಿಯಿದೆಯಲ್ಲ, ಸ್ವಲ್ಪ ಪ್ರತಿಧ್ವನಿ ಸೇರಲಿ. ಇದಕ್ಕಿಂತ ದೊಡ್ಡ ಚಪಲ ಸದ್ದಿನದು. ಹಾಡಿನ ಮೆಲುಭಾಗವನ್ನು ಎತ್ತಿ, ಜೋರಿನ ಭಾಗವನ್ನು ಅದುಮಿ, ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಬಳಿಕ ಇಡೀ ಹಾಡನ್ನು ಮೇಲೇರಿಸುವ ಉಪಾಯವೊಂದುಂಟು. ಮೊದಲ ಕ್ಷಣಕ್ಕೆ ಕಿವಿಗೆ ಹಿತ. ಎರಡು ಹಾಡು ಕೇಳುವಷ್ಟರಲ್ಲಿ ತಲೆ ನೋಯುತ್ತದೆ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲವಷ್ಟೆ! 1990ರಿಂದೀಚೆಗೆ ಲೋಕದ ಕಂಪನಿಗಳೆಲ್ಲ ನನ್ನ ತಟ್ಟೆ ಜೋರು, ನಿನ್ನ ತಟ್ಟೆ ಜೋರು ಎಂದು ಪೈಪೋಟಿಗೆ ನಿಂತವು. ಕೊನೆಗೆ 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಸದ್ದಿಗೊಂದು ಸಮಾನ ಮಟ್ಟವನ್ನು ಗೊತ್ತುಮಾಡಿತು. ಇಂದು ಅಂತರ್ಜಾಲದಲ್ಲಿ ಹಾಡು ಕೇಳಿಸುವ ದೊಡ್ಡ ಕಂಪನಿಗಳೂ ಎಲ್ಲ ಹಾಡುಗಳನ್ನು ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ತಗ್ಗಿಸಿಬಿಡುತ್ತವೆ. ಗೆದ್ದ ಸದ್ದು ಹೋಯಿತು; ಕಳೆದುಕೊಂಡ ಏರಿಳಿತ ಮಾತ್ರ ಮರಳಿ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಚಿಕ್ಕ ಸ್ಟುಡಿಯೋದಲ್ಲಿ ಕಥನಗೀತವೊಂದನ್ನು ಹದಗೊಳಿಸುತ್ತಿದ್ದುದನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹಾಡಿದವರು ಹಳ್ಳಿಯ ಮುದುಕಿ. ಕೀಬೋರ್ಡು, ಗಿಟಾರು, ಢಂ ಎನ್ನುವ ಯಂತ್ರದ ತಾಳ ಎಲ್ಲ ಸೇರಿ ಕಿವಿ ತುಂಬಿತ್ತು. ಆಕೆ ಸ್ವಲ್ಪ ಹೊತ್ತು ಕೇಳಿ, “ಯಪ್ಪಾ, ನಾ ಹೇಳಿದ ಕತಿ ಎಲ್ಲಿ ಹೋತು?” ಎಂದಳು. ಯಂತ್ರದ ಮುಂದಿದ್ದ ಹುಡುಗ ಜಾಣ. ಸಿಟ್ಟಾಗಲಿಲ್ಲ. ಒಂದೊಂದೇ ಹಾದಿಯನ್ನು ಮುಚ್ಚುತ್ತ ಬಂದ. ಗಿಟಾರು ಹೋಯಿತು, ಯಂತ್ರದ ತಾಳ ಹೋಯಿತು, ಕೀಬೋರ್ಡು ಶ್ರುತಿಯ ಎಳೆಯಷ್ಟಕ್ಕೆ ಇಳಿಯಿತು. ಮುದುಕಿಯ ದನಿಯೂ ಜೊತೆಯವರ ಚರ್ಮವಾದ್ಯವೂ ಉಳಿದವು. ಆಗ ಆಕೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ಕಥೆ ಮುಗಿಯುವತನಕ ಮಾತಾಡಲಿಲ್ಲ. ಏನನ್ನೂ ಸೇರಿಸದೆ ಮಾಡಿದ ಆ ಅರ್ಧ ಗಂಟೆಯ ಕೆಲಸ ಆ ಹುಡುಗನ ದೊಡ್ಡ ಕೆಲಸವೆಂದು ನನಗೆ ತೋರಿತು.

ಸಂಯಮವೆಂದರೆ ವಾದ್ಯ ಕಡಮೆ ಮಾಡುವುದೊಂದೇ ಅಲ್ಲ. ಚಿತ್ರಗೀತೆಯೊಂದಕ್ಕೆ 60 ಪಿಟೀಲು ಬೇಕೆನಿಸಿದರೆ ಇರಲಿ. ಹಾಡಿನಲ್ಲಿ ದೊರೆ ಯಾರು ಎಂಬುದನ್ನು ಮೊದಲು ಅರಿತು, ಉಳಿದುದನ್ನು ಅವನ ಸುತ್ತ ನಿಲ್ಲಿಸಬೇಕು. ಕುಣಿತದ ಹಾಡಿಗೆ ತಾಳ ದೊರೆ. ಆಲಾಪಕ್ಕೆ ಸ್ವರ ದೊರೆ. ಕಥನಕ್ಕೆ ಮಾತೇ ದೊರೆ. ದೊರೆ ಬದಲಾದರೆ ಪರಿವಾರದ ಜಾಗವೂ ಬದಲಾಗುತ್ತದೆ.

ಹಂಪೆಯ ವಿಜಯ ವಿಠ್ಠಲನ ಗುಡಿಯ ಮಂಟಪದ 56 ಕಂಬಗಳ ಮಾತನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಬೆರಳಿನಿಂದ ಮೆಲ್ಲನೆ ತಟ್ಟಿದರೆ ನಾದ ಕೊಡುವ ಕಲ್ಲುಗಳವು. ಒಳಗೆ ಟೊಳ್ಳಿರಬೇಕೆಂದು ಬಹುಕಾಲ ಜನ ನಂಬಿದ್ದರು. ಕಲ್ಪಾಕ್ಕಂನ ವಿಜ್ಞಾನಿಗಳು ಪರೀಕ್ಷಿಸಿ, ಅವು ಗಟ್ಟಿ ಕಲ್ಲುಗಳೇ, ತಟ್ಟಿದಾಗ ಕಂಬ ಸೂಕ್ಷ್ಮವಾಗಿ ಬಾಗಿ ಕಂಪಿಸುವುದರಿಂದಲೇ ನಾದ ಹುಟ್ಟುತ್ತದೆ ಎಂದು ತೋರಿಸಿದ್ದಾರೆ. ಬಂದವರೆಲ್ಲ ಬಡಿದು ಬಡಿದು ಕಲ್ಲು ನವೆದದ್ದರಿಂದ ಈಗ ಮುಟ್ಟಗೊಡುವುದಿಲ್ಲ. ಮೆಲ್ಲನೆ ತಟ್ಟಿದ ಬೆರಳಿಗೆ ನುಡಿದ ಕಲ್ಲು ಬಡಿದ ಕೈಗೆ ಹೆಚ್ಚೇನೂ ಕೊಡಲಿಲ್ಲ; ತಾನು ಸವೆಯಿತು, ಅಷ್ಟೆ.

ಕಲ್ಲಿಗೆ ಬೇಲಿ ಹಾಕಬಹುದು. ದನಿಗೆ ಬೇಲಿ ಹಾಕುವವರಾರು? ಇದೇ ನನ್ನ ಮುಖ್ಯ ಚಿಂತೆ. ಕಂಪಿಲರಾಯನ ಮಗ ಕುಮಾರರಾಮ 1327ರ ಹೊತ್ತಿಗೆ ದೆಹಲಿಯ ಸೇನೆಯೊಡನೆ ಹೋರಾಡಿ ಮಡಿದ. ಆ ರಾಜ್ಯಕ್ಕೆ ಹೆಸರು ಬಂದುದು ಇಂದಿನ ಕಂಪ್ಲಿಯಿಂದ. ನಂಜುಂಡ ಕವಿ ಅವನ ಕಥೆಯನ್ನು ಸಾಂಗತ್ಯದಲ್ಲಿ ಬರೆದಿಟ್ಟ. ಅದು ಓಲೆಯಲ್ಲಿ ಉಳಿಯಿತು. ಅದೇ ಕಥೆ ಜನರ ಬಾಯಲ್ಲಿ ಸುಮಾರು 700 ವರ್ಷ ನಡೆದು ಈರಮ್ಮನಂಥವರ ಕಂಠಕ್ಕೆ ಬಂತು. ಆಕೆಯ ಕಾವ್ಯಗಳನ್ನು ಕನ್ನಡ ವಿಶ್ವವಿದ್ಯಾಲಯ ಸಂಗ್ರಹಿಸಿ ಅಚ್ಚು ಹಾಕಿದ್ದು ದೊಡ್ಡ ಸೇವೆ. ಆದರೆ ಪುಸ್ತಕದಲ್ಲಿ ಮಾತು ಮಾತ್ರ ಉಂಟು. ಎಲ್ಲಿ ದನಿ ನಡುಗಿತು, ಎಲ್ಲಿ ವಾದ್ಯ ನಿಂತಿತು, ಎಲ್ಲಿ ಉಸಿರು ತಡೆದು ಜನರನ್ನು ಕಾಯಿಸಿದಳು ಎಂಬುದು ಮುದ್ರಿತ ಧ್ವನಿಯಲ್ಲಿ ಮಾತ್ರ ಸಿಗುತ್ತದೆ. ಹಾಡಿದವರು ಹೋದಮೇಲೆ ಆ ಟೇಪೇ ಮೂಲಪ್ರತಿ.

ಆ ಮೂಲಪ್ರತಿಗಳನ್ನು ಹೊಸ ಕಿವಿಗೆ ಸಿದ್ಧಗೊಳಿಸುವ ಉತ್ಸಾಹ ಇಂದು ಹಲವರಲ್ಲಿದೆ. ಒಳ್ಳೆಯದೇ. ಆದರೆ ಕೆಲವು ಮಾತುಗಳನ್ನು ನೆನಪಿಡಬೇಕು. ಮೂಲವನ್ನು ಮುಟ್ಟದೆ ಬೇರೆಯಾಗಿಡಬೇಕು. ಕೆಲಸವೇನಿದ್ದರೂ ಪ್ರತಿಯ ಮೇಲೆ. ಟೇಪಿನ ಕಿರಿಕಿರಿಯನ್ನು ತೆಗೆಯುವಾಗ ಕಂಠದ ಒರಟನ್ನೂ ಉಜ್ಜಿ ತೆಗೆಯಬಾರದು. ಅದು ಕೊಳೆಯಲ್ಲ, ಆಕೆಯ ಗುರುತು. ಉಸಿರಿನ ಸದ್ದನ್ನು ಕತ್ತರಿಸಬಾರದು. ಮೇಳದ ವಾದ್ಯವನ್ನು ಅಳಿಸಿ ಯಂತ್ರದ ತಾಳ ಕೂರಿಸಬಾರದು. ಮೌನವಿದ್ದೆಡೆ ಮೌನವನ್ನೇ ಬಿಡಬೇಕು. ಹಳೆಯ ಗ್ರಂಥವನ್ನು ಸಂಪಾದಿಸುವ ಪಂಡಿತ ತನಗೆ ತೋಚಿದ ಪದ್ಯವನ್ನು ನಡುವೆ ಸೇರಿಸಿದರೆ ನಾವು ಒಪ್ಪುತ್ತೇವೆಯೆ? ಧ್ವನಿಯ ಸಂಪಾದಕನಿಗೂ ಅದೇ ಧರ್ಮ.

ಕಹಳೆಯ ಕಾಲದಲ್ಲಿ ಮಿತಿಯನ್ನು ಯಂತ್ರವೇ ಹಾಕುತ್ತಿತ್ತು. ಈಗ ಯಂತ್ರ ಯಾವುದಕ್ಕೂ ಬೇಡವೆನ್ನುವುದಿಲ್ಲ. ಬೇಡವೆನ್ನುವ ಕೆಲಸ ಮನುಷ್ಯನದಾಗಿದೆ. ಸಂಡೂರಿನ ಬೆಟ್ಟಗಳ ಮಗ್ಗುಲಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಇನ್ನೂ ಕಥೆ ಹೇಳುವ ಕಂಠಗಳು ಅಲ್ಲಲ್ಲಿ ಇವೆ. ಅವುಗಳ ಮುಂದೆ ಮೈಕು ಹಿಡಿಯುವ ನಮ್ಮ ಊರಿನ ಹುಡುಗರು ಗುಂಡಿಗೆ ಕೈಹಾಕುವ ಮೊದಲು ಒಂದು ಸಲ ಇಡೀ ಕಥೆಯನ್ನು ಸುಮ್ಮನೆ ಕುಳಿತು ಕೇಳಲಿ. ಎಷ್ಟು ಸೇರಿಸಬೇಕೆಂಬುದು, ಬಹುಶಃ ಏನನ್ನೂ ಸೇರಿಸಬೇಕಿಲ್ಲವೆಂಬುದು, ಆಗ ತಾನಾಗಿ ತಿಳಿಯುತ್ತದೆ.