ಹುಟ್ಟುಗುಣದ ಹುಡುಕಾಟ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದೂ ಅದೇ ಅರ್ಥದ ಮಾತು. ಆದರೆ ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂದವರೂ ಇದೇ ಜನ. ಮನುಷ್ಯನ ಸ್ವಭಾವ ರಕ್ತದಿಂದ ಬರುತ್ತದೆಯೋ, ಸುತ್ತಲಿನವರಿಂದ ಬರುತ್ತದೆಯೋ ಎಂಬ ಪ್ರಶ್ನೆಗೆ ಗಾದೆ ಕಟ್ಟಿದವರು ಎರಡೂ ಉತ್ತರಗಳನ್ನು ಇಟ್ಟುಕೊಂಡು, ಸಂದರ್ಭಕ್ಕೆ ತಕ್ಕಂತೆ ಬಳಸಿದರು.

ವಿಜ್ಞಾನಕ್ಕೆ ಆ ಅನುಕೂಲವಿಲ್ಲ. ಅದು ಅಳೆದು ಹೇಳಬೇಕು. ಹಾಗೆ ಅಳೆಯುವ ಯತ್ನ ನಡೆದು ನೂರೈವತ್ತು ವರ್ಷಗಳು ಕಳೆದಿವೆ. ಸಿಟ್ಟಿನ ಜೀನ್ ಸಿಕ್ಕಿತು, ಸಾಹಸದ ಜೀನ್ ಸಿಕ್ಕಿತು, ದುಗುಡದ ಜೀನ್ ಸಿಕ್ಕಿತು ಎಂಬ ಸುದ್ದಿ ಕೆಲವು ವರ್ಷಗಳಿಗೊಮ್ಮೆ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಜೀನ್ ಎಂದರೆ ತಂದೆತಾಯಿಗಳಿಂದ ಮಕ್ಕಳಿಗೆ ಬರುವ ವಂಶವಾಹಿ. ಸುದ್ದಿ ಓದಿದ ಸಾಮಾನ್ಯರಿಗೆ ಕೂಡಲೇ ಹೊಳೆಯುವ ಪ್ರಶ್ನೆಯೂ ಒಂದೇ: ಸಿಟ್ಟಿನ ಜೀನ್ ಸಿಕ್ಕಿದ್ದರೆ ಅದನ್ನು ತೆಗೆದುಹಾಕಬಾರದೇಕೆ? ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ಹಿಂದೆ ಸಿಕ್ಕ ಉತ್ತರಗಳ ಚರಿತ್ರೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ನ್ಯಾಯಾಧೀಶರು, ರಾಜಕಾರಣಿಗಳು, ವಿದ್ವಾಂಸರ ವಂಶಾವಳಿಗಳನ್ನು ಕಲೆಹಾಕಿ, ಪ್ರತಿಭೆ ವಂಶಪಾರಂಪರ್ಯವಾಗಿ ಬರುತ್ತದೆಂದು 1869ರಲ್ಲಿ ಪುಸ್ತಕ ಬರೆದ. 1875ರಲ್ಲಿ ಅವಳಿಗಳನ್ನು ಹೋಲಿಸಿ ಹುಟ್ಟು ಮತ್ತು ಪರಿಸರಗಳ ಪಾಲನ್ನು ಬೇರ್ಪಡಿಸಬಹುದೆಂದು ಸೂಚಿಸಿದವನೂ ಅವನೇ. 1883ರಲ್ಲಿ ಉತ್ತಮರ ಸಂತಾನವನ್ನು ಹೆಚ್ಚಿಸುವ ವಿದ್ಯೆಗೆ ‘ಯೂಜೆನಿಕ್ಸ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಇದನ್ನು ಸುಜನನಶಾಸ್ತ್ರ ಎನ್ನುತ್ತಾರೆ. ನ್ಯಾಯಾಧೀಶನ ಮಗನಿಗೆ ಬುದ್ಧಿಯ ಜೊತೆಗೆ ತಂದೆಯ ಹಣ, ಶಾಲೆ, ಪರಿಚಯಗಳೂ ಸಿಗುತ್ತವೆ ಎಂಬುದಕ್ಕೆ ಗಾಲ್ಟನ್ ಹೆಚ್ಚು ಬೆಲೆ ಕೊಡಲಿಲ್ಲ.

ಬಟಾಣಿ ಗಿಡಗಳ ಮೇಲೆ ಮೆಂಡೆಲ್ ನಡೆಸಿ 1866ರಲ್ಲಿ ಪ್ರಕಟಿಸಿದ್ದ ಪ್ರಯೋಗಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದಾಗ ಸುಜನನವಾದಿಗಳಿಗೆ ಹೊಸ ಹುರುಪು ಬಂತು. ಬಟಾಣಿಯ ಬಣ್ಣದಂತೆ ಮನುಷ್ಯನ ಒಂದೊಂದು ಗುಣಕ್ಕೂ ಒಂದೊಂದು ಅಂಶ ಇರಬೇಕೆಂದು ಅವರು ಭಾವಿಸಿದರು. ಅಮೆರಿಕದ ಚಾರ್ಲ್ಸ್ ಡ್ಯಾವನ್‌ಪೋರ್ಟ್ 1910ರಲ್ಲಿ ನ್ಯೂಯಾರ್ಕಿನ ಸಮೀಪದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಕುಟುಂಬಗಳ ಗುಣದೋಷಗಳನ್ನು ದಾಖಲಿಸುವ ಕಚೇರಿಯನ್ನೇ ತೆರೆದ. 1919ರಲ್ಲಿ ನೌಕಾಪಡೆಯ ಅಧಿಕಾರಿಗಳ ಕುಟುಂಬಗಳನ್ನು ಪರಿಶೀಲಿಸಿ, ಸಮುದ್ರದ ಮೇಲಿನ ಮೋಹವೂ ವಂಶಪಾರಂಪರ್ಯವಾಗಿ ಬರುವ ಗುಣವೆಂದೂ, ಗಂಡಸರಲ್ಲೇ ಕಾಣುವುದರಿಂದ ಅದು ಲಿಂಗಕ್ಕೆ ಅಂಟಿದ ಅಂಶವೆಂದೂ ಸಾರಿದ. ಹುಡುಗಿಯರು ಹಡಗಿನ ಅಧಿಕಾರಿಗಳಾಗದಿದ್ದುದಕ್ಕೆ ಬೇರೆ ಕಾರಣವಿತ್ತು. ಅಮೆರಿಕದ ನೌಕಾ ಅಕಾಡೆಮಿ ಹೆಂಗಸರಿಗೆ ಬಾಗಿಲು ತೆರೆದದ್ದು 1976ರಲ್ಲಿ!

ಇದು ನಕ್ಕು ಮರೆಯಬಹುದಾದ ಸಂಗತಿ. ಆದರೆ ಇದೇ ತರ್ಕ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ನಗುವಂತಿರಲಿಲ್ಲ. ವರ್ಜೀನಿಯ ರಾಜ್ಯದ ಕ್ಯಾರಿ ಬಕ್ ಎಂಬ ಹುಡುಗಿ ಸಾಕುಮನೆಯಲ್ಲಿ ಬೆಳೆದವಳು. ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಿಲ್ಲದೆ ಬಸಿರಾದಳು. ಸಾಕಿದವರು 1924ರಲ್ಲಿ ಅವಳನ್ನು ಬುದ್ಧಿಮಾಂದ್ಯರ ಆಶ್ರಮಕ್ಕೆ ಸೇರಿಸಿದರು. ಅವಳ ತಾಯಿಯೂ ಅಲ್ಲೇ ಇದ್ದಳು. ಏಳೆಂಟು ತಿಂಗಳ ಹಸುಗೂಸನ್ನು ನೋಡಿದವರೊಬ್ಬರು, ಅದೂ ಸರಿಯಿದ್ದಂತಿಲ್ಲ ಎಂದು ಸಾಕ್ಷಿ ನುಡಿದರು. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಬುದ್ಧಿಮಾಂದ್ಯರಾದ ಮೇಲೆ ದೋಷ ರಕ್ತದಲ್ಲಿದೆ ಎಂದು ವಾದಿಸಲಾಯಿತು. 1927ರ ಮೇ 2ರಂದು ಅಮೆರಿಕದ ಸುಪ್ರೀಂ ಕೋರ್ಟು ಎಂಟು ಮತಗಳಿಗೆ ಒಂದರಂತೆ ರಾಜ್ಯದ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಕ್ಯಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು.

ಅವಳು ಬಸಿರಾದದ್ದು ಹೇಗೆಂದು ನ್ಯಾಯಾಲಯದಲ್ಲಿ ಯಾರೂ ಕೇಳಲಿಲ್ಲ. ಸಾಕುಮನೆಯವರ ಬಂಧುವೊಬ್ಬ ತನ್ನ ಮೇಲೆ ಅತ್ಯಾಚಾರ ಮಾಡಿದ್ದನೆಂದು ಅವಳು ಮುಂದೆ ಹೇಳಿದಳು. ಅವಳಲ್ಲಿ ಬುದ್ಧಿಮಾಂದ್ಯತೆ ಇರಲಿಲ್ಲವೆಂದು ಆಮೇಲೆ ಅವಳನ್ನು ಕಂಡು ಮಾತನಾಡಿಸಿದ ಸಂಶೋಧಕರು ದಾಖಲಿಸಿದ್ದಾರೆ. ‘ಸರಿಯಿಲ್ಲ’ ಎನ್ನಿಸಿಕೊಂಡ ಮಗಳು ವಿವಿಯನ್ ಶಾಲೆಗೆ ಹೋದಳು, 1931ರಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಗಳಿಸಿದಳು, ಮರುವರ್ಷ ಎಂಟರ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಇಂಥ ಕಾನೂನುಗಳಡಿ ಅಮೆರಿಕದಲ್ಲಿ 60 ಸಾವಿರಕ್ಕೂ ಹೆಚ್ಚು ಮಂದಿಯ ಸಂತಾನಶಕ್ತಿಯನ್ನು ಕಿತ್ತುಕೊಳ್ಳಲಾಯಿತು. 1933ರಲ್ಲಿ ನಾಜಿ ಜರ್ಮನಿ ಇದೇ ಬಗೆಯ ಕಾನೂನು ತಂದಾಗ ಆ ಸಂಖ್ಯೆ ಸುಮಾರು 4 ಲಕ್ಷಕ್ಕೆ ಏರಿತು.

ಭಾರತವೂ ಈ ಯೋಚನೆಯಿಂದ ದೂರ ಉಳಿಯಲಿಲ್ಲ. ಇಲ್ಲಿ ಅದು ವಿಜ್ಞಾನದ ಹೆಸರಿಗಿಂತ ಜಾತಿಯ ಹೆಸರಿನಲ್ಲಿ ಬಂತು. ಬಡಗಿಯ ಮಗ ಬಡಗಿಯಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆಂದು ನಂಬಿದ ಬ್ರಿಟಿಷ್ ಆಡಳಿತ 1871ರಲ್ಲಿ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ತಂದಿತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದು 1911ರ ಹೊತ್ತಿಗೆ ದಕ್ಷಿಣಕ್ಕೂ ಹಬ್ಬಿತು. ಪಟ್ಟಿಗೆ ಸೇರಿದ ಸಮುದಾಯದಲ್ಲಿ ಹುಟ್ಟಿದ್ದೇ ತಪ್ಪು. ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಕೇಳದೆ ಊರು ಬಿಡಬಾರದು. ಬಿಜಾಪುರ, ಹುಬ್ಬಳ್ಳಿಗಳಲ್ಲಿ ಇಂಥವರನ್ನು ಇರಿಸುವ ‘ಸೆಟ್ಲಮೆಂಟ್’ಗಳು ಎದ್ದವು.

ಆ ಪಟ್ಟಿಗೆ ಸೇರಿದವರಲ್ಲಿ ಕೊರಚರೂ ಇದ್ದರು. ಎತ್ತು, ಕತ್ತೆಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಜನ ಅವರು. ರೈಲು ಬಂದು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ ಅವರ ವ್ಯಾಪಾರ ಮುರಿದುಬಿತ್ತು. ಕಸುಬು ಕಳೆದುಕೊಂಡು ಅಲೆಯುವವರನ್ನು ಕಂಡ ಅಧಿಕಾರಿಗಳು ಅಲೆಯುವುದನ್ನೇ ಅವರ ಹುಟ್ಟುಗುಣವೆಂದು ಬರೆದುಕೊಂಡರು. ಕಾಯಿದೆ ರದ್ದಾದದ್ದು 1952ರಲ್ಲಿ. ಅಂದಿನಿಂದ ಅವರನ್ನು ವಿಮುಕ್ತ ಬುಡಕಟ್ಟುಗಳೆಂದು ಕರೆಯುತ್ತಾರೆ.

ಎರಡನೆಯ ಮಹಾಯುದ್ಧದ ನಂತರ ಸುಜನನಶಾಸ್ತ್ರದ ಹೆಸರು ಕೆಟ್ಟಿತು. ಹುಡುಕಾಟ ನಿಲ್ಲಲಿಲ್ಲ. ಸಾಮಾನ್ಯವಾಗಿ ಗಂಡಸಿನ ಜೀವಕೋಶದಲ್ಲಿ ಒಂದು ಎಕ್ಸ್, ಒಂದು ವೈ ವರ್ಣತಂತು ಇರುತ್ತವೆ. ಕೆಲವರಲ್ಲಿ ಒಂದು ವೈ ಹೆಚ್ಚಿಗೆ ಇರುತ್ತದೆ. 1965ರಲ್ಲಿ ಸ್ಕಾಟ್ಲೆಂಡಿನಲ್ಲಿ, ಅಪಾಯಕಾರಿ ಎನಿಸಿದ ರೋಗಿಗಳನ್ನು ಇರಿಸುವ ಬಿಗಿಕಾವಲಿನ ಆಸ್ಪತ್ರೆಯೊಂದರ 197 ಗಂಡಸರನ್ನು ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಹೀಗೆ ಹೆಚ್ಚುವರಿ ವೈ ಕಂಡಿತು. ‘ಕೊಲೆಗಾರ ವರ್ಣತಂತು’ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಶಿಕಾಗೊದಲ್ಲಿ 1966ರಲ್ಲಿ ಎಂಟು ಯುವತಿಯರನ್ನು ಕೊಂದ ರಿಚರ್ಡ್ ಸ್ಪೆಕ್‌ನಲ್ಲೂ ಅದು ಇದೆಯೆಂಬ ಸುದ್ದಿ ಹರಡಿತು. ಪರೀಕ್ಷಿಸಿದಾಗ ಅವನ ವರ್ಣತಂತುಗಳು ಎಲ್ಲರಂತೆಯೇ ಇದ್ದವು.

ಆಸ್ಪತ್ರೆಯ ಗೋಡೆಯ ಹೊರಗೆ ಹೆಚ್ಚುವರಿ ವೈ ಹೊತ್ತು ನೆಮ್ಮದಿಯಾಗಿ ಸಂಸಾರ ಮಾಡುತ್ತಿದ್ದವರನ್ನು ಆಗ ಯಾರೂ ಎಣಿಸಿರಲಿಲ್ಲ. ಡೆನ್ಮಾರ್ಕಿನಲ್ಲಿ 4 ಸಾವಿರಕ್ಕೂ ಹೆಚ್ಚು ಎತ್ತರದ ಗಂಡಸರನ್ನು ಪರೀಕ್ಷಿಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ವೈ ಇದ್ದ 12 ಮಂದಿ ಸಿಕ್ಕರು. ಅವರಲ್ಲಿ ಶಿಕ್ಷೆಗೊಳಗಾದವರ ಪಾಲು ಉಳಿದವರಿಗಿಂತ ಹೆಚ್ಚಿದ್ದರೂ, ಅವರು ಹಿಂಸಾಪ್ರವೃತ್ತಿಯವರೆಂಬುದಕ್ಕೆ ಆಧಾರ ಸಿಗಲಿಲ್ಲ.

ಹಾಗಾದರೆ ಸ್ವಭಾವದಲ್ಲಿ ಹುಟ್ಟಿನ ಪಾಲೇ ಇಲ್ಲವೇ? ಇದೆ. 1979ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬುಶಾರ್ಡ್, ಹಸುಗೂಸುಗಳಾಗಿದ್ದಾಗಲೇ ಬೇರ್ಪಟ್ಟು 39ರ ವಯಸ್ಸಿನಲ್ಲಿ ಭೇಟಿಯಾದ ಅವಳಿಗಳಿಬ್ಬರನ್ನು ಪರೀಕ್ಷೆಗೆ ಕರೆಸಿದರು. ಇಬ್ಬರ ಹೆಸರೂ ಜಿಮ್. ಇಬ್ಬರ ಮೊದಲ ಹೆಂಡತಿ ಲಿಂಡಾ, ಎರಡನೆಯವಳು ಬೆಟ್ಟಿ. ಪತ್ರಿಕೆಗಳಿಗೆ ಇದೇ ಹಬ್ಬ. ಹೆಂಡತಿಯ ಹೆಸರನ್ನು ಆರಿಸುವ ಜೀನ್ ಇಲ್ಲವೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಬುಶಾರ್ಡ್ ಮತ್ತು ಇತರರು ಅಳೆದ ಬುದ್ಧಿಶಕ್ತಿ, ಸಂಕೋಚ, ಆತಂಕ ಮೊದಲಾದವುಗಳಲ್ಲಿ ತದ್ರೂಪಿ ಅವಳಿಗಳು ಉಳಿದ ಒಡಹುಟ್ಟಿದವರಿಗಿಂತ ಹೆಚ್ಚು ಹೋಲುವುದು ಮತ್ತೆ ಮತ್ತೆ ಕಂಡುಬಂದಿದೆ. ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ದೇಹ ಮತ್ತು ಮನಸ್ಸಿನ ಗುಣಗಳಲ್ಲಿ ಅನುವಂಶೀಯತೆಯ ಸರಾಸರಿ ಪಾಲು ಶೇ 49.

ಈ ಅಂಕಿಯ ಅರ್ಥವನ್ನು ಎಚ್ಚರದಿಂದ ತಿಳಿಯಬೇಕು. ಒಬ್ಬ ವ್ಯಕ್ತಿಯ ಸಿಟ್ಟಿನಲ್ಲಿ ಅರ್ಧ ಅಪ್ಪ ಅಮ್ಮನದು, ಅರ್ಧ ಊರಿನದು ಎಂದು ಇದರ ಅರ್ಥವಲ್ಲ. ಜನರ ನಡುವಣ ವ್ಯತ್ಯಾಸಗಳಲ್ಲಿ ಎಷ್ಟು ಪಾಲನ್ನು ಹುಟ್ಟಿನ ಲೆಕ್ಕಕ್ಕೆ ಬರೆಯಬಹುದು ಎಂಬುದಷ್ಟೇ ಅದು. ಒಂದು ಊರಿನ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಊಟ, ಒಂದೇ ಶಾಲೆ ಸಿಕ್ಕಿದರೆ ಅವರ ಓದಿನ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ದೊಡ್ಡದಾಗಿ ಕಾಣುತ್ತದೆ. ಅರ್ಧದಷ್ಟು ಮಕ್ಕಳನ್ನು ಶಾಲೆ ಬಿಡಿಸಿ ಕೂಲಿಗೆ ಕಳಿಸಿದರೆ ಅದೇ ಪಾಲು ಕುಗ್ಗುತ್ತದೆ. ಮಕ್ಕಳ ಜೀನ್‌ಗಳು ಮಾತ್ರ ಹಾಗೆಯೇ ಇರುತ್ತವೆ. ಹುಟ್ಟಿನಿಂದ ಬಂದದ್ದನ್ನು ಬದಲಿಸಲಾಗದು ಎಂಬ ಮಾತೂ ಪೂರ್ತಿ ನಿಜವಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆ ಜೀನ್ ದೋಷದಿಂದಲೇ ಬಂದು ಮಗುವಿನ ಮಿದುಳನ್ನು ಕೆಡಿಸುತ್ತದೆ. ಹುಟ್ಟಿದ ಕೂಡಲೇ ಪತ್ತೆ ಹಚ್ಚಿ, ಕಟ್ಟುನಿಟ್ಟಿನ ಪಥ್ಯದ ಆಹಾರ ಕೊಟ್ಟರೆ ಆ ಹಾನಿ ತಪ್ಪುತ್ತದೆ.

ಹುಟ್ಟಿನ ಪಾಲು ಇದೆಯೆಂದ ಮೇಲೆ ಅದು ಯಾವ ಜೀನಿನಲ್ಲಿದೆ ಎಂದು ಹುಡುಕುವುದು ಸಹಜವೇ. ಹಾಲೆಂಡಿನ ಒಂದು ಕುಟುಂಬದಲ್ಲಿ ಹಲವು ಗಂಡಸರು ಮಂದಬುದ್ಧಿಯವರಾಗಿ, ಹಠಾತ್ತನೆ ಸಿಡಿದು ಹಿಂಸೆಗಿಳಿಯುತ್ತಿದ್ದರು. 1993ರಲ್ಲಿ ಹಾನ್ ಬ್ರುನರ್ ಮತ್ತು ಸಂಗಡಿಗರು ಅವರಲ್ಲಿ ‘ಎಂಎಒಎ’ ಎಂಬ ಜೀನ್ ಕೆಟ್ಟಿರುವುದನ್ನು ಗುರುತಿಸಿದರು. ಆ ಒಂದು ಕುಟುಂಬದ ಅಪರೂಪದ ದೋಷ, ಸುದ್ದಿಯಾಗುವಷ್ಟರಲ್ಲಿ ‘ಆಕ್ರಮಣದ ಜೀನ್’ ಆಗಿತ್ತು. ಹಾಗೆ ಕರೆಯುವುದು ತಪ್ಪೆಂದು ಬ್ರುನರ್ ಹೇಳಿದರೂ ಹೆಸರು ಉಳಿಯಿತು. 2009ರಲ್ಲಿ ಇಟಲಿಯ ನ್ಯಾಯಾಲಯವೊಂದು ಕೊಲೆ ಅಪರಾಧಿಯ ಜೀನ್‌ಗಳನ್ನು ಪರಿಗಣಿಸಿ ಶಿಕ್ಷೆಯನ್ನು ಒಂದು ವರ್ಷ ಇಳಿಸಿತು. 1996ರಲ್ಲಿ ಹೊಸತನ್ನು ಅರಸುವ ಸ್ವಭಾವಕ್ಕೆ ಒಂದು ಜೀನ್, ಆತಂಕದ ಸ್ವಭಾವಕ್ಕೆ ಇನ್ನೊಂದು ಜೀನ್ ಸುದ್ದಿಯಾದವು. ಇವು ಕೆಲವು ನೂರು ಜನರನ್ನು ಪರೀಕ್ಷಿಸಿ ಹೇಳಿದ ಮಾತುಗಳು. ಬೇರೆಯವರು ಮತ್ತೆ ಪರೀಕ್ಷಿಸಿದಾಗ ಒಮ್ಮೆ ಕಂಡದ್ದು ಇನ್ನೊಮ್ಮೆ ಕಾಣಲಿಲ್ಲ. ಖಿನ್ನತೆಗೆ ಕಾರಣವೆಂದು ಹೆಸರಾಗಿದ್ದ 18 ಜೀನ್‌ಗಳನ್ನು ಲಕ್ಷಾಂತರ ಜನರ ಮಾಹಿತಿಯೊಡನೆ ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳಿಗೆ ವಿಶೇಷ ಪಾತ್ರವೇನೂ ಕಾಣಲಿಲ್ಲ. ಒಂದು ಸ್ವಭಾವದ ಹಿಂದೆ ಸಾವಿರಾರು ಜಾಗಗಳ ಸಣ್ಣ ಸಣ್ಣ ವ್ಯತ್ಯಾಸಗಳಿವೆ, ಒಂದೊಂದರ ಪ್ರಭಾವವೂ ಅತ್ಯಲ್ಪ ಎಂಬುದು ಇಂದಿನ ತಿಳಿವಳಿಕೆ.

ತಳಿ ಎಂಜಿನಿಯರಿಂಗಿನಿಂದ ಸ್ವಭಾವವನ್ನು ತಿದ್ದುವ ಮಾತು ತೊಡಕಾಗುವುದು ಇಲ್ಲೇ. ಸಾವಿರ ಕಡೆ ಹಂಚಿಹೋದದ್ದನ್ನು ಒಂದು ಕಡೆ ಕತ್ತರಿಸಿ ತೆಗೆಯಲಾಗದು. ಜೊತೆಗೆ ಒಂದೊಂದು ಜೀನೂ ಹಲವು ಕೆಲಸ ಮಾಡುತ್ತದೆ. 1999ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೋ ಚಿಯೆನ್ ಮತ್ತು ಸಂಗಡಿಗರು, ಮಿದುಳಿನಲ್ಲಿ ಒಂದು ಜೀನಿನ ಕೆಲಸವನ್ನು ಹೆಚ್ಚಿಸಿ, ಬೇಗ ಕಲಿಯುವ, ಹೆಚ್ಚು ನೆನಪಿಡುವ ಇಲಿಗಳನ್ನು ರೂಪಿಸಿದರು. ಜಾಣ ಇಲಿಗಳು ಜಗತ್ತಿನಾದ್ಯಂತ ಸುದ್ದಿಯಾದವು. ಅವು ದೀರ್ಘಕಾಲದ ನೋವಿಗೂ ಹೆಚ್ಚು ಸ್ಪಂದಿಸುತ್ತವೆ ಎಂದು 2001ರಲ್ಲಿ ತಿಳಿದುಬಂತು. ಆ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಅಷ್ಟರಲ್ಲಿ ಕತ್ತರಿ ಮಾತ್ರ ಹರಿತವಾಗುತ್ತ ಬಂದಿದೆ. 2012ರಲ್ಲಿ ‘ಕ್ರಿಸ್ಪರ್’ ಎಂಬ ತಂತ್ರವನ್ನು ರೂಪಿಸಿದ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ 2020ರಲ್ಲಿ ನೊಬೆಲ್ ಪಡೆದರು. 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ, ಏಡ್ಸ್ ವೈರಾಣು ತಗುಲದಂತೆ ಭ್ರೂಣದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದಾಗ ವಿಜ್ಞಾನಿಗಳೇ ಬೆಚ್ಚಿದರು. ಮರುವರ್ಷ ಚೀನಾದ ನ್ಯಾಯಾಲಯ ಅವರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2019ರ ಮಾರ್ಗಸೂಚಿಗಳು ಸಂತತಿಗೆ ಹರಿಯುವಂಥ ಜೀನ್ ಚಿಕಿತ್ಸೆಯನ್ನು ನಿಷೇಧಿಸಿವೆ.

ಆಯ್ಕೆಯ ಅವಕಾಶ ಸಿಕ್ಕಾಗ ಸಮಾಜ ಏನನ್ನು ಆರಿಸುತ್ತದೆ ಎಂಬುದಕ್ಕೆ ಭಾರತದಲ್ಲಿ ದೂರ ಹೋಗಬೇಕಿಲ್ಲ. ಭ್ರೂಣದ ಕಾಯಿಲೆ ಅರಿಯಲು ಬಂದ ಯಂತ್ರಗಳನ್ನು ಹೆಣ್ಣನ್ನು ಅಳಿಸಲು ಬಳಸಿದ್ದರಿಂದಲೇ 1994ರ ಲಿಂಗಪತ್ತೆ ನಿಷೇಧ ಕಾಯಿದೆ ಬೇಕಾಯಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಆ ಸಂಖ್ಯೆ 927ಕ್ಕೆ ಇಳಿದಿತ್ತು. ನಾಳೆ ಭ್ರೂಣದ ಸ್ವಭಾವವನ್ನೂ ಊಹಿಸಿ ಹೇಳುತ್ತೇವೆಂದು ಯಾರಾದರೂ ಅಂಗಡಿ ತೆರೆದರೆ, ಯಾವ ಸ್ವಭಾವ ಒಳ್ಳೆಯದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ವಿಧೇಯ ಮಗು ಬೇಕೆನ್ನುವವರು ಹೆಚ್ಚೋ, ಎದುರು ಮಾತನಾಡುವ ಮಗು ಬೇಕೆನ್ನುವವರು ಹೆಚ್ಚೋ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮುಂದಿನ ಬಾರಿ ‘ಇಂಥ ಗುಣದ ಜೀನ್ ಪತ್ತೆ’ ಎಂಬ ಶೀರ್ಷಿಕೆ ಕಂಡಾಗ ಓದುಗರು ಕೆಲವು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಎಷ್ಟು ಜನರನ್ನು ಪರೀಕ್ಷಿಸಿದರು, ಯಾರನ್ನು ಬಿಟ್ಟರು, ಬೇರೆಯವರೂ ಅದನ್ನೇ ಕಂಡರೇ, ಆ ಗುಣಕ್ಕೆ ಕಣ್ಣೆದುರಿಗೇ ಬೇರೆ ಕಾರಣವಿದೆಯೇ? ಇವುಗಳನ್ನು ಕೇಳಲು ವಿಜ್ಞಾನದ ಪದವಿ ಬೇಕಿಲ್ಲ. 1927ರ ನ್ಯಾಯಮೂರ್ತಿಗಳು ಇವನ್ನು ಕೇಳಲಿಲ್ಲ. ತನ್ನ ರಾಜ್ಯ ನಡೆಸಿದ ಸಂತಾನಹರಣಗಳಿಗಾಗಿ ವರ್ಜೀನಿಯದ ಗವರ್ನರ್ ಕ್ಷಮೆ ಕೇಳಿದ್ದು 2002ರ ಮೇ 2ರಂದು, ತೀರ್ಪಿಗೆ ಸರಿಯಾಗಿ 75 ವರ್ಷ ತುಂಬಿದ ದಿನ. ಆ ಹೊತ್ತಿಗೆ ಕ್ಯಾರಿ ಬಕ್ ತೀರಿಕೊಂಡು 19 ವರ್ಷಗಳಾಗಿದ್ದವು.