ಮೇಷ್ಟ್ರ ಸಾಲ: ವರ್ಷಕ್ಕೆ ಹತ್ತರಲ್ಲಿ ಒಂದು ಪಾಲು

ನಾನು ಬಿ.ಎಡ್. ಓದಿದ್ದು ಬ್ಯಾಂಕ್ ಸಾಲದಲ್ಲಿ. ಸಂಬಳ ಬಂದ ವಾರದಲ್ಲೇ ಕಂತು ಕಟ್ ಆದ ಮೆಸೇಜ್ ಬರ್ತಿತ್ತು, ಅಮ್ಮಿ ಪಕ್ಕದಲ್ಲಿದ್ದರೆ "ಇನ್ನೆಷ್ಟು ಬಾಕಿ ಬೇಟಾ?" ಅಂತ ಕೇಳ್ತಿದ್ರು. ಒಂದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಅಮೆರಿಕದಲ್ಲಿ ಸರ್ಕಾರಿ ಶಾಲೆ ಟೀಚರುಗಳ ಓದಿನ ಸಾಲ ಮಾಫ್ ಮಾಡ್ತಾರಂತೆ" ಅಂದ್ರು. ಎಲ್ಲರೂ ನಕ್ಕುಬಿಟ್ಟರು. ನನಗೆ ಮಾತ್ರ ಅದು ತಲೆಯಲ್ಲಿ ಉಳೀತು. ಹುಡುಕಿ ಓದಿದೆ. ಮಾತು ಸುಳ್ಳಲ್ಲ, ಅರವತ್ತು ವರ್ಷಕ್ಕೂ ಹಳೆಯದು. ಆದರೆ ಆ ಮಾಫಿಯನ್ನು ಲೆಕ್ಕ ಹಾಕುವ ರೀತಿ ನಡುವೆ ಬದಲಾಯಿತು. ಅಲ್ಲಿಂದಲೇ ಮೇಷ್ಟ್ರುಗಳ ಕಷ್ಟವೂ ಶುರುವಾಯಿತು.

1957ರ ಅಕ್ಟೋಬರ್ 4ರಂದು ರಷ್ಯಾದವರು ಸ್ಪುಟ್ನಿಕ್ ಹಾರಿಸಿದರು. ನಮ್ಮ ಶಾಲೆಗಳಲ್ಲಿ ಗಣಿತ, ವಿಜ್ಞಾನ ಸೊರಗಿದೆ, ಅದಕ್ಕೇ ಹಿಂದೆ ಬಿದ್ದೆವು ಎಂಬ ಗಾಬರಿ ಅಮೆರಿಕದಲ್ಲಿ ಹಬ್ಬಿತು. ಮುಂದಿನ ವರ್ಷ ಸೆಪ್ಟೆಂಬರ್ 2ರಂದು ಅಧ್ಯಕ್ಷ ಐಸೆನ್‌ಹೋವರ್ ಒಂದು ಕಾನೂನಿಗೆ ಸಹಿ ಹಾಕಿದರು: ನ್ಯಾಷನಲ್ ಡಿಫೆನ್ಸ್ ಎಜುಕೇಶನ್ ಆಕ್ಟ್. ಶಿಕ್ಷಣದ ಕಾನೂನಿಗೆ ದೇಶರಕ್ಷಣೆಯ ಹೆಸರು! ಬರೀ ಶಿಕ್ಷಣ ಅಂದಿದ್ದರೆ ದುಡ್ಡು ಬಿಡುಗಡೆ ಆಗ್ತಿರಲಿಲ್ಲವೇನೋ. ಇದನ್ನು ಮುಂದೆ ತಂದವರು ಅಲಬಾಮಾ ರಾಜ್ಯದ ಇಬ್ಬರು, ಸೆನೆಟರ್ ಲಿಸ್ಟರ್ ಹಿಲ್ ಮತ್ತು ಕೆಳಮನೆಯ ಕಾರ್ಲ್ ಎಲಿಯಟ್. ಎಲಿಯಟ್ ಗೇಣಿ ರೈತನ ಮಗ. ಅವರಿಗೆ ಬೇಕಿದ್ದುದು ಸ್ಕಾಲರ್‌ಶಿಪ್. ಪುಕ್ಕಟೆ ಯಾಕೆ ಕೊಡಬೇಕು ಎಂಬ ವಾದ ಕೆಳಮನೆಯಲ್ಲಿ ಗೆದ್ದಿತು, ಸ್ಕಾಲರ್‌ಶಿಪ್ ಹೋಗಿ ಸಾಲ ಬಂತು.

ಆ ಸಾಲದಲ್ಲೇ ಒಂದು ಒಳ್ಳೆಯ ಷರತ್ತು ಇತ್ತು. ವಿದ್ಯಾರ್ಥಿ ವರ್ಷಕ್ಕೆ 1,000 ಡಾಲರ್, ಒಟ್ಟು 5,000 ಡಾಲರ್ ತನಕ ಸಾಲ ಪಡೆಯಬಹುದು, ಬಡ್ಡಿ ಶೇ. 3. ಓದು ಮುಗಿಸಿ ಸರ್ಕಾರಿ ಶಾಲೆಯಲ್ಲಿ ಪೂರ್ಣಾವಧಿ ಶಿಕ್ಷಕರಾದರೆ ಪ್ರತಿ ವರ್ಷದ ಸೇವೆಗೆ ಸಾಲದ ಶೇ. 10 ರದ್ದು, ಐದು ವರ್ಷಕ್ಕೆ ಅರ್ಧ. 2,000 ಡಾಲರ್ ಸಾಲ ಇದ್ದವರು ಎರಡೇ ವರ್ಷ ಕಲಿಸಿ ಮದುವೆಯಾಗಿಯೋ ಊರು ಬಿಟ್ಟೋ ಹೋದರೂ 400 ಡಾಲರ್ ಕಳೆದುಹೋಗಿರುತ್ತಿತ್ತು. ಕಲಿಸಿದ ವರ್ಷದ ಲೆಕ್ಕವನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಕಾನೂನು ಬಳಸಿದ ಪದವೂ 'ರದ್ದು'. 'ಕ್ಷಮೆ' ಎಂಬ ಅರ್ಥದ ಫರ್ಗಿವ್‌ನೆಸ್ ಈ ಯೋಜನೆಗಳ ಹೆಸರಿಗೆ ಅಂಟಿಕೊಂಡದ್ದು ಮುಂದೆ. ಸಾಲ ಮಾಡಿ ಓದಿ ಮಕ್ಕಳಿಗೆ ಪಾಠ ಹೇಳಿದವರು ಯಾವ ತಪ್ಪಿಗೆ ಕ್ಷಮೆ ಬೇಡಬೇಕು, ನನಗಂತೂ ತಿಳಿಯದು.

ಅದೇ ಕಾನೂನು ವಿದೇಶಿ ಭಾಷೆಗಳ ಕಲಿಕೆಗೂ ಹಣ ಕೊಟ್ಟಿತು. ಮೊದಲ ಪಟ್ಟಿಯ ಆರು ಭಾಷೆಗಳಲ್ಲಿ ರಷ್ಯನ್, ಚೀನಿ, ಅರಬ್ಬಿಗಳ ಜೊತೆ ನಮ್ಮ ಹಿಂದಿ-ಉರ್ದುವೂ ಇತ್ತು. ಉರ್ದು ಹೇಳಿಕೊಡುವ ನನಗೆ ಇದನ್ನು ಓದಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಾಲ ಪಡೆಯುವ ಹುಡುಗ ತಾನು ಸರ್ಕಾರ ಉರುಳಿಸುವ ಸಂಘಟನೆಗಳನ್ನು ಬೆಂಬಲಿಸುವುದಿಲ್ಲ ಎಂದು ಬರೆದುಕೊಡಬೇಕಿತ್ತು. ಬಡವನ ನಿಷ್ಠೆಯ ಮೇಲೆ ಮಾತ್ರ ಯಾಕೆ ಅನುಮಾನ ಎಂಬ ಪ್ರಶ್ನೆ ಎದ್ದಿತು. ಹಾರ್ವರ್ಡ್, ಯೇಲ್‌ನಂಥ ವಿಶ್ವವಿದ್ಯಾಲಯಗಳು ಸಾಲ ಯೋಜನೆಯಿಂದಲೇ ಹೊರಬಂದವು. 1962ರಲ್ಲಿ ಆ ಮುಚ್ಚಳಿಕೆ ಹೋಯಿತು.

ಮುಂದಿನ ಹೆಜ್ಜೆ ಲಿಂಡನ್ ಜಾನ್ಸನ್ ಕಾಲದ್ದು. ಅವರು ಸ್ವತಃ ಮೇಷ್ಟ್ರಾಗಿದ್ದವರು. 1928ರಲ್ಲಿ ಟೆಕ್ಸಾಸ್‌ನ ಕೊಟುಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಕಲಿಸಿದ್ದರು. 1965ರ ನವೆಂಬರ್ 8ರಂದು ತಾವು ಓದಿದ ಸ್ಯಾನ್ ಮಾರ್ಕೋಸ್ ಕಾಲೇಜಿಗೇ ಹೋಗಿ ಉನ್ನತ ಶಿಕ್ಷಣ ಕಾನೂನಿಗೆ ಸಹಿ ಮಾಡಿದರು. ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಕಲಿಸಿದರೆ ವರ್ಷಕ್ಕೆ ಶೇ. 15ರಂತೆ ಪೂರ್ತಿ ಸಾಲವೇ ರದ್ದಾಗುವ ಅವಕಾಶ ಆಗ ಬಂತು. ಎಪ್ಪತ್ತರ ದಶಕದಲ್ಲಿ ಸಾಮಾನ್ಯ ಶಾಲೆಗಳ ಶಿಕ್ಷಕರಿಗೆ ಈ ಸೌಲಭ್ಯ ನಿಂತಿತು, ಬಡ ಶಾಲೆಗಳವರಿಗೆ ಉಳಿಯಿತು. ಪರ್ಕಿನ್ಸ್ ಸಾಲ ಎಂಬ ಹೆಸರಿನಲ್ಲಿ ಆ ಹಳೆ ಪದ್ಧತಿ 2017ರ ತನಕ ಬದುಕಿತ್ತು.

ಹೊಸ ಪದ್ಧತಿ 1998ರದು. ಬಡ ಶಾಲೆಯಲ್ಲಿ ಸತತ ಐದು ವರ್ಷ ಕಲಿಸಿದರೆ 5,000 ಡಾಲರ್ ತನಕ ಮಾಫಿ. 2004ರಲ್ಲಿ ಗಣಿತ, ವಿಜ್ಞಾನ ಮತ್ತು ವಿಶೇಷ ಮಕ್ಕಳ ಶಿಕ್ಷಕರಿಗೆ ಅದು 17,500 ಆಯಿತು. ಮೊತ್ತ ದೊಡ್ಡದು. ಆದರೆ ನಾಲ್ಕು ವರ್ಷ ಕಲಿಸಿ ಬಿಟ್ಟವರಿಗೆ? ಸೊನ್ನೆ. ಮಹಾರಾಷ್ಟ್ರದಲ್ಲಿ 'ಶಿಕ್ಷಣ ಸೇವಕ'ರಾಗಿ ಮೂರು ವರ್ಷ ಗೌರವಧನದಲ್ಲಿ ದುಡಿದವರಿಗೆ ಈ ಹೆದರಿಕೆ ಬಿಡಿಸಿ ಹೇಳಬೇಕಾಗಿಲ್ಲ. ಗಡುವು ಮುಗಿಯೋ ತನಕ ಕೈಗೆ ಏನೂ ಬರೋದಿಲ್ಲ.

2007ರ ಕಾನೂನು ಗಡುವನ್ನು ಇನ್ನೂ ಉದ್ದ ಮಾಡಿತು. ಶಿಕ್ಷಕರು, ನರ್ಸುಗಳು, ಅಗ್ನಿಶಾಮಕ ದಳದವರು ಹೀಗೆ ಸಾರ್ವಜನಿಕ ಸೇವೆಯಲ್ಲಿರುವವರು 120 ಮಾಸಿಕ ಕಂತು, ಅಂದರೆ ಹತ್ತು ವರ್ಷ ಕಟ್ಟಿದರೆ ಉಳಿದ ಸಾಲವೆಲ್ಲ ಮಾಫಿ. ಮೊದಲ ತಂಡದವರ ಹತ್ತು ವರ್ಷ 2017ರ ಅಕ್ಟೋಬರ್‌ನಲ್ಲಿ ತುಂಬಿತು. 2018ರ ಜೂನ್ ಕೊನೆಯ ಹೊತ್ತಿಗೆ ಅರ್ಜಿ ಹಾಕಿದ್ದವರು ಸುಮಾರು 28,000 ಜನ. ಮಾಫಿ ಸಿಕ್ಕಿದ್ದು 96 ಮಂದಿಗೆ. ತಪ್ಪಲ್ಲ, ತೊಂಬತ್ತಾರೇ. ಕೆಲವರ ಸಾಲದ ಬಗೆ ಸರಿಯಿಲ್ಲ (ಸರ್ಕಾರದ ಖಾತರಿ ಇದ್ದರೂ ಖಾಸಗಿ ಬ್ಯಾಂಕಿನ ಮೂಲಕ ಬಂದ ಸಾಲ ಲೆಕ್ಕಕ್ಕಿಲ್ಲ), ಕೆಲವರ ಕಂತಿನ ಯೋಜನೆ ಸರಿಯಿಲ್ಲ, ಕೆಲವರ ಫಾರಂ ಅಪೂರ್ಣ. ವರ್ಷಗಟ್ಟಲೆ ಕಟ್ಟಿದ ಕಂತು ಒಂದೂ ಲೆಕ್ಕಕ್ಕೆ ಬಂದಿಲ್ಲವೆಂದು ಎಷ್ಟೋ ಜನರಿಗೆ ಗೊತ್ತಾದದ್ದು ಕೊನೆಯಲ್ಲಿ. ವರ್ಷಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಕಳೆಯುವ 1958ರ ಪದ್ಧತಿಯೇ ಇದ್ದಿದ್ದರೆ ತಪ್ಪು ಮೊದಲ ವರ್ಷವೇ ಸಿಕ್ಕಿಬೀಳುತ್ತಿತ್ತು.

ಅದೇ ಕಾನೂನು ಟೀಚ್ ಗ್ರಾಂಟ್ ಎಂಬ ಸಹಾಯಧನವನ್ನೂ ತಂದಿತ್ತು. ವರ್ಷಕ್ಕೆ 4,000 ಡಾಲರ್ ತನಕ ಕೊಡೋದು, ಬದಲಿಗೆ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಶಾಲೆಯಲ್ಲಿ ಕಲಿಸೋದು. ವರ್ಷದ ಪ್ರಮಾಣಪತ್ರ ಕಳಿಸುವುದು ತಡವಾದರೆ ಅನುದಾನ ಬಡ್ಡಿಸಮೇತ ಸಾಲವಾಗುತ್ತಿತ್ತು. ತರಗತಿಯಲ್ಲಿ ನಿಂತು ಪಾಠ ಮಾಡುತ್ತಲೇ ಇದ್ದ ಸಾವಿರಾರು ಶಿಕ್ಷಕರಿಗೆ ಹೀಗಾಯಿತು. ಪತ್ರಿಕೆ, ರೇಡಿಯೋಗಳಲ್ಲಿ ಸುದ್ದಿಯಾದ ಮೇಲೆ ಸರ್ಕಾರ ಅದನ್ನು ಸರಿಪಡಿಸಲು ಹೊರಟಿತು.

2019ರಲ್ಲಿ ಶಿಕ್ಷಕರ ದೊಡ್ಡ ಸಂಘವಾದ ಎಎಫ್‌ಟಿ ಶಿಕ್ಷಣ ಇಲಾಖೆಯ ಮೇಲೆ ಕೇಸು ಹಾಕಿತು. 2021ರ ಅಕ್ಟೋಬರ್‌ನಲ್ಲಿ ರಾಜಿಯಾಯಿತು. ಅದೇ ತಿಂಗಳು ಇಲಾಖೆ ಒಂದು ವರ್ಷದ ಮಟ್ಟಿಗೆ ನಿಯಮ ಸಡಿಲಿಸಿ, ಹಿಂದೆ ತಿರಸ್ಕರಿಸಿದ್ದ ಕಂತುಗಳನ್ನೂ ಎಣಿಸಿತು. 2024ರ ಅಕ್ಟೋಬರ್ ವೇಳೆಗೆ ಮಾಫಿ ಪಡೆದವರು ಹತ್ತು ಲಕ್ಷ ದಾಟಿದ್ದರು. ಕಂತು ಕಟ್ಟಿದವರೂ ಅವರೇ, ದುಡಿದವರೂ ಅವರೇ, ಬದಲಾದದ್ದು ಎಣಿಸುವ ರೀತಿ ಅಷ್ಟೇ.

ಇದೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಅದೇ ಸಹೋದ್ಯೋಗಿ ಕೇಳಿದರು: "ಹಂಗಾದ್ರೆ ನಾಲ್ಕು ವರ್ಷ ಕಲಿಸಿ ಬಿಟ್ಟವರ ಗತಿ?" 1998ರ ಯೋಜನೆಯಲ್ಲಿ ಅವರಿಗೆ ಇವತ್ತಿಗೂ ಏನಿಲ್ಲ. 2007ರದರಲ್ಲಿ ಕಂತುಗಳು ಸತತವಾಗಿರಬೇಕಿಲ್ಲ. ಶಾಲೆ ಬಿಟ್ಟು ಸರ್ಕಾರಿ ಆಸ್ಪತ್ರೆಗೋ ನಗರಸಭೆಗೋ ಕೆಲಸಕ್ಕೆ ಸೇರಿದರೆ ಹಳೆ ಎಣಿಕೆ ಅಲ್ಲಿಂದಲೇ ಮುಂದುವರಿಯುತ್ತದೆ. "ಅಷ್ಟಾದ್ರೂ ಇದೆಯಲ್ಲ" ಅಂದರು. ಬೆಲ್ ಹೊಡೆಯಿತು, ಇಬ್ಬರಿಗೂ ಏಳನೇ ಕ್ಲಾಸ್ ಇತ್ತು.