ಉಪಗ್ರಹ ವೀಕ್ಷಣೆ: ನೋಡಿದವರು, ಅಳೆದವರು

2025ರ ಜೂನ್ ಕೊನೆಯಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದ ಮೇಲೆ ನಮ್ಮಲ್ಲಿ ತಾರಸಿ ಹತ್ತಿ ಆಕಾಶ ನೋಡುವವರು ಹೆಚ್ಚಿದ್ದಾರೆ. ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದರ ಜತೆಗೇ ಒಂದು ತಪ್ಪು ತಿಳಿವಳಿಕೆಯೂ ಬೇರುಬಿಡುತ್ತಿದೆ: ಆಪ್ ಹೇಳಿದ ಹೊತ್ತಿಗೆ ಹೊರಗೆ ಬಂದು, ಆಪ್ ತೋರಿಸಿದ ದಿಕ್ಕಿಗೆ ಕತ್ತೆತ್ತಿದರೆ ಉಪಗ್ರಹ ವೀಕ್ಷಣೆ ಮುಗಿಯಿತು ಎಂಬುದು. ಆಪ್‌ನೊಳಗಿನ ಕಕ್ಷೆಯ ಲೆಕ್ಕ ಅಳತೆಯಿಂದ ಹುಟ್ಟಿದ್ದು. ಆ ಅಳತೆಯ ಒಂದು ದೊಡ್ಡ ಪಾಲನ್ನು ದಶಕಗಳ ಕಾಲ ಹೊತ್ತವರು ಬೈನಾಕ್ಯುಲರ್ ಮತ್ತು ಸ್ಟಾಪ್‌ವಾಚ್ ಹಿಡಿದ ಹವ್ಯಾಸಿಗಳು.

ಮೊದಲ ಘಟ್ಟ ಎಲ್ಲರಿಗೂ ಗೊತ್ತಿರುವುದೇ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಬರಿಗಣ್ಣಿಗೆ ಜನ ಕಂಡದ್ದು ಬಹುಮಟ್ಟಿಗೆ 58 ಸೆಂಟಿಮೀಟರಿನ ಆ ಗೋಳವನ್ನಲ್ಲ, ಅದರೊಂದಿಗೆ ಕಕ್ಷೆ ಸೇರಿದ್ದ ರಾಕೆಟ್ಟಿನ ಒಡಲನ್ನು. ಅಮೆರಿಕದಲ್ಲಿ ಖಗೋಳವಿಜ್ಞಾನಿ ಫ್ರೆಡ್ ವಿಪ್ಪಲ್ ಅದಕ್ಕೂ ಮೊದಲೇ ‘ಮೂನ್‌ವಾಚ್’ ಯೋಜನೆಯಲ್ಲಿ ಸ್ವಯಂಸೇವಕರನ್ನು ಸಜ್ಜುಗೊಳಿಸಿದ್ದರು. ದೂರದರ್ಶಕಗಳನ್ನು ಸಾಲಾಗಿ ಇಟ್ಟು ಆಕಾಶಕ್ಕೊಂದು ಬೇಲಿ ಕಟ್ಟಿ, ಹಾದುಹೋದದ್ದರ ಸಮಯ ಬರೆಯುವ ಕೆಲಸ ಅವರದು. ಉಪಗ್ರಹಗಳ ಚಿತ್ರ ತೆಗೆಯುತ್ತಿದ್ದ ಹನ್ನೆರಡು ಬೇಕರ್-ನನ್ ಕ್ಯಾಮೆರಾ ಕೇಂದ್ರಗಳಲ್ಲಿ ಒಂದು ನಮ್ಮ ನೈನಿತಾಲಿನಲ್ಲೇ ಇತ್ತು. 1962ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಸ್ಪುಟ್ನಿಕ್-4 ಉರಿಯುತ್ತ ಇಳಿದಾಗ ಮಿಲ್ವಾಕಿಯ ತಂಡ ಅದನ್ನು ನೋಡಿ ಗುರುತು ಹಾಕಿಕೊಂಡಿತ್ತು. ಅದೇ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಪಟ್ಟಣದ ರಸ್ತೆಯಲ್ಲಿ ಸುಮಾರು ಒಂಬತ್ತು ಕಿಲೋ ತೂಕದ ತುಂಡು ಸಿಕ್ಕಿತು. ಮೂನ್‌ವಾಚ್ 1975ರಲ್ಲಿ ಮುಚ್ಚಿತು.

ನಿಜವಾದ ಶಾಸ್ತ್ರ ಬೆಳೆದದ್ದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ, ವಿಜ್ಞಾನಿ ಡೆಸ್ಮಂಡ್ ಕಿಂಗ್-ಹೀಲ್ ಅವರ ಸುತ್ತ. ಈ ಪಂಥಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಅವರ ವಿಧಾನ ಇಷ್ಟು ಸರಳ: ಉಪಗ್ರಹ ಹಾಯುವ ದಾರಿಯಲ್ಲಿ ಎರಡು ನಕ್ಷತ್ರಗಳನ್ನು ಮೊದಲೇ ಆರಿಸಿಕೊಳ್ಳಿ. ಅವುಗಳ ನಡುವಿನ ಗೆರೆಯನ್ನು ಅದು ದಾಟಿದ ಕ್ಷಣ ಸ್ಟಾಪ್‌ವಾಚ್ ಒತ್ತಿ. ಗೆರೆಯ ಎಷ್ಟನೇ ಪಾಲಿನಲ್ಲಿ ದಾಟಿತು ಎಂದು ಅಂದಾಜಿಸಿ. ಆಮೇಲೆ ವಾಚನ್ನು ರೇಡಿಯೊದ ಕಾಲಸೂಚಕ ಸದ್ದಿಗೆ ಹೊಂದಿಸಿ, ನಕ್ಷತ್ರಪಟದಲ್ಲಿ ಸ್ಥಾನ ಓದಿ. ಪಳಗಿದ ಕಣ್ಣು ಸೆಕೆಂಡಿನ ಹತ್ತನೇ ಒಂದು ಭಾಗದ ತನಕ ನಂಬಿಕೆಗೆ ಅರ್ಹ. ಇಂಥ ಅಳತೆಗಳನ್ನು ಒಟ್ಟುಮಾಡಿ, ಕಕ್ಷೆ ದಿನದಿನಕ್ಕೆ ಎಷ್ಟು ಕುಗ್ಗುತ್ತದೆಂದು ನೋಡಿ, ವಾಯುಮಂಡಲದ ಮೇಲ್ಪದರದ ಸಾಂದ್ರತೆ ಸೂರ್ಯನ ಚಟುವಟಿಕೆಗೆ ತಕ್ಕಂತೆ ಏರಿಳಿಯುವುದನ್ನೂ ಅಲ್ಲಿ ಬೀಸುವ ಗಾಳಿಯನ್ನೂ ಕಿಂಗ್-ಹೀಲ್ ಲೆಕ್ಕ ಹಾಕಿದರು. ಸ್ಪುಟ್ನಿಕ್-2ರ ಕಕ್ಷೆಯ ಜಾರಿಕೆಯಿಂದ ಭೂಮಿಯ ಚಪ್ಪಟೆತನದ ಅಂಕಿ 1/297ರಿಂದ 1/298ರ ಕಡೆಗೆ ತಿದ್ದಿಕೊಂಡಿತು. ಎಡಿನ್‌ಬರೋದ ರಸೆಲ್ ಎಬರ್ಸ್ಟ್‌ರಂಥವರು ದಶಕಗಟ್ಟಲೆ ಈ ಕೆಲಸ ಬಿಡದೆ ಮಾಡಿದರು. ವಿಜ್ಞಾನದ ಚರಿತ್ರೆಗಳು ರಾಕೆಟ್ ಹಾರಿಸಿದವರಿಗೆ ಅಧ್ಯಾಯಗಳನ್ನು ಕೊಡುತ್ತವೆ, ಇವರಿಗೆ ಅಡಿಟಿಪ್ಪಣಿಯನ್ನೂ ಕೊಡುವುದಿಲ್ಲ.

ನನ್ನ ತಲೆಮಾರು ಇದಕ್ಕೆ ಇಳಿದದ್ದು ತೊಂಬತ್ತರ ದಶಕದಲ್ಲಿ. ಮೀರ್ ನಿಲ್ದಾಣ ಇನ್ನೂ ಸುತ್ತುತ್ತಿತ್ತು. ಕಕ್ಷೆಯ ಎರಡು ಸಾಲು ಅಂಕಿ ಸಿಕ್ಕರೆ ಕಂಪ್ಯೂಟರಿನಲ್ಲಿ ನಾವೇ ಹಾದಿ ತೆಗೆಯುತ್ತಿದ್ದೆವು. ಆಕಾಶವಾಣಿ ವಾರ್ತೆಗೆ ಮೊದಲು ಬರುವ ಪಿಪ್ ಸದ್ದಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದೆವು. 1997ರಿಂದ ಇರಿಡಿಯಂ ಉಪಗ್ರಹಗಳು ಬಂದವು. ಅವುಗಳ ಬಾಗಿಲಿನಷ್ಟು ದೊಡ್ಡ, ನುಣುಪಾದ ಆಂಟೆನಾ ಹಲಗೆಗಳಿಂದ ಬಿಸಿಲು ಪುಟಿದು ಕೆಲವೇ ಸೆಕೆಂಡು ಬೆಳ್ಳಿ ಗ್ರಹಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊಳೆಯುತ್ತಿತ್ತು. ಅದು ಎಲ್ಲಿ, ಯಾವ ಸೆಕೆಂಡಿನಲ್ಲಿ ಎಂದು ಮೊದಲೇ ಹೇಳಬಹುದಿತ್ತು. ಹತ್ತಾರು ಕಿಲೋಮೀಟರ್ ಆಚೀಚೆ ನಿಂತರೆ ಹೊಳಪು ತಪ್ಪಿಹೋಗುತ್ತಿದ್ದುದರಿಂದ, ನಿಂತ ಜಾಗದ ಅಕ್ಷಾಂಶ ರೇಖಾಂಶ ಸರಿಯಾಗಿ ಬರೆದುಕೊಳ್ಳುವ ಅಭ್ಯಾಸ ನಮಗೆ ಆದದ್ದೇ ಆಗ. 2017ರಿಂದ ಬಂದ ಹೊಸ ಇರಿಡಿಯಂಗಳಲ್ಲಿ ಅಂಥ ಹಲಗೆಗಳಿಲ್ಲ. ಹಳೆಯವುಗಳಲ್ಲಿ ಹೆಚ್ಚಿನವು ಒಂದೊಂದಾಗಿ ಕೆಳಗಿಳಿದವು.

ಇರಿಡಿಯಂ ಹೊಳಪಿನ ಆ ಕಾಲದಲ್ಲೇ ಕೆನಡಾದ ಟೆಡ್ ಮೋಲ್ಜಾನ್ ಮತ್ತು ಸಂಗಡಿಗರು ಸರಕಾರಗಳು ಕಕ್ಷೆ ಬಯಲು ಮಾಡದ ಉಪಗ್ರಹಗಳನ್ನು ಬೆನ್ನುಹತ್ತಿದ್ದರು. 2010ರ ಏಪ್ರಿಲ್‌ನಲ್ಲಿ ಹಾರಿದ, ಕಕ್ಷೆ ಗುಟ್ಟಾಗಿದ್ದ ಅಮೆರಿಕದ ಎಕ್ಸ್-37ಬಿ ನೌಕೆಯನ್ನು ಹವ್ಯಾಸಿಗಳು ಮುಂದಿನ ತಿಂಗಳೇ ಪತ್ತೆಮಾಡಿದರು. ಯಾವ ಆಪ್ ಕೂಡ ಅದನ್ನು ಹೇಳಿಕೊಟ್ಟಿರಲಿಲ್ಲ.

2019ರ ಮೇ ತಿಂಗಳಲ್ಲಿ ಒಟ್ಟಿಗೆ ಅರವತ್ತು ಸ್ಟಾರ್‌ಲಿಂಕ್‌ಗಳು ಹಾರಿದವು. ನೆದರ್‌ಲೆಂಡ್ಸಿನ ಲೈಡನ್‌ನಿಂದ ಮಾರ್ಕೊ ಲಾಂಗ್‌ಬ್ರೂಕ್ ತೆಗೆದ ಸಾಲುದೀಪದಂಥ ವಿಡಿಯೊ ಲೋಕವೆಲ್ಲ ಹರಿದಾಡಿತು. ಈಗ ಅವು ಸಾವಿರಗಟ್ಟಲೆ. ಖಗೋಳವಿಜ್ಞಾನಿಗಳ ದೂರು ನ್ಯಾಯವಾದದ್ದು, ಆ ಗೆರೆಗಳು ದೊಡ್ಡ ದೂರದರ್ಶಕಗಳ ಚಿತ್ರಗಳನ್ನು ಕೆಡಿಸುತ್ತಿವೆ. ಆದರೆ ಉಪಗ್ರಹವೆಂದರೆ ಬರೀ ಉಪದ್ರವ ಎಂಬ ಈಗಿನ ಧೋರಣೆಯಲ್ಲಿ ಒಂದು ಮಾತು ಮರೆತುಹೋಗುತ್ತದೆ: ಬಿಸಿಲು ತಡೆಯುವ ಮರೆ ಕಟ್ಟಿದ ಸ್ಟಾರ್‌ಲಿಂಕ್ ನಿಜಕ್ಕೂ ಎಷ್ಟು ಮಂಕಾಯಿತು ಎಂದು ತೋರಿಸಿದ ಆಂಟನಿ ಮಲ್ಲಾಮ ಅವರ ಅಧ್ಯಯನಗಳಿಗೆ ಕಣ್ಣಳತೆಯ ದಾಖಲೆಗಳೂ ಆಧಾರವಾಗಿದ್ದವು.

ಇನ್ನು ನಮ್ಮ ನಸುಕು. ಕಿಂಗ್-ಹೀಲ್ ಪಂಥದ ತಿಳಿವೆಲ್ಲ ಐವತ್ತು ಡಿಗ್ರಿಗೂ ಮೇಲಿನ ಅಕ್ಷಾಂಶದ್ದು. ಬೇಸಗೆಯಲ್ಲಿ ಅಲ್ಲಿ ಇರುಳಿಡೀ ಸಂಜೆಬೆಳಕು, ಇರುಳಿಡೀ ಉಪಗ್ರಹ. ಕರ್ನಾಟಕದಲ್ಲಿ ಸೂರ್ಯ ನೆಟ್ಟಗೆ ಏಳುತ್ತಾನೆ. ನಾನೂರು ಕಿಲೋಮೀಟರ್ ಎತ್ತರದ ನೌಕೆ ನಡುನೆತ್ತಿಯಲ್ಲಿ ಬಿಸಿಲಿಗೆ ಸಿಗುವುದು ಸೂರ್ಯೋದಯಕ್ಕೆ ಮೊದಲಿನ ಇಲ್ಲವೇ ಸೂರ್ಯಾಸ್ತದ ನಂತರದ ಸುಮಾರು ಒಂದೂವರೆ ಗಂಟೆಯೊಳಗೆ. ಸಂಜೆ ಅದು ಪಡುವಣದಿಂದ ಬೆಳಗುತ್ತ ಬಂದು ಮೂಡಣದಲ್ಲಿ ನೆರಳಿಗೆ ಬಿದ್ದು ಆರುತ್ತದೆ. ನಸುಕಿನಲ್ಲಿ ತಿರುಗುಮುರುಗು: ನಕ್ಷತ್ರಗಳ ನಡುವೆ ಒಮ್ಮೆಲೇ ಕೆಂಪಾಗಿ ಮೂಡಿ, ಕೆಲವು ಸೆಕೆಂಡುಗಳಲ್ಲಿ ಬೆಳ್ಳಗಾಗಿ, ಮೂಡಣ ದಿಗಂತದವರೆಗೂ ನಡೆಯುತ್ತದೆ. ನೆರಳಿನಿಂದ ಹೊರಬೀಳುವ ಆ ಕ್ಷಣವನ್ನು ಹಿಡಿದು ಬರೆದಿಟ್ಟ ಪುಸ್ತಕಗಳು ನಮ್ಮ ಕಡೆ ಕೈಬೆರಳೆಣಿಕೆಯಷ್ಟೂ ನನಗೆ ಸಿಕ್ಕಿಲ್ಲ.

ನಮಗೆ ಮಾತ್ರ ಕಾಣುವವೂ ಇವೆ. ಹಬಲ್ ದೂರದರ್ಶಕದ ಕಕ್ಷೆಯ ಓರೆ 28.5 ಡಿಗ್ರಿ, ಎಡಿನ್‌ಬರೋದಲ್ಲಿ ಅದು ದಿಗಂತದ ಮೇಲೇ ಬರುವುದಿಲ್ಲ, ನಮ್ಮಲ್ಲಿ ನೆತ್ತಿಯ ಮೇಲೆ ಹಾಯುತ್ತದೆ. ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್‌ನ ಓರೆ ಬರೀ 6 ಡಿಗ್ರಿ. ಬೈನಾಕ್ಯುಲರ್ ಹಿಡಿದು ನಮ್ಮ ತೆಂಕಣ ಆಕಾಶದಲ್ಲಿ ಹುಡುಕಬೇಕಾದದ್ದು. ಆರ್ಯಭಟ ಉಪಗ್ರಹ ಸಿದ್ಧವಾದ ಬೆಂಗಳೂರಿನ ಪೀಣ್ಯದಲ್ಲೇ ಇಂದು ಬಾಹ್ಯಾಕಾಶ ವಸ್ತುಗಳ ಮೇಲೆ ಕಣ್ಣಿಡುವ ಇಸ್ರೋದ ‘ನೇತ್ರ’ ನಿಯಂತ್ರಣ ಕೇಂದ್ರವಿದೆ. ಸರಕಾರದ ರೇಡಾರ್ ಬೆಳೆಯಿತು, ಊರಿನ ವೀಕ್ಷಕ ಬೆಳೆಯಲಿಲ್ಲ. 2022ರ ಏಪ್ರಿಲ್ 2ರ ಸಂಜೆ ಚೀನಾದ ರಾಕೆಟ್ ಮಹಾರಾಷ್ಟ್ರದ ಮೇಲೆ ಉರಿಯುತ್ತ ಇಳಿದು ಚಂದ್ರಪುರ ಜಿಲ್ಲೆಯಲ್ಲಿ ಲೋಹದ ಉಂಗುರ ಬಿದ್ದಾಗ ಬೇಕಾದಷ್ಟು ವಿಡಿಯೊಗಳು ಬಂದವು. ಯಾವ ನಕ್ಷತ್ರದ ಪಕ್ಕ, ಯಾವ ಸೆಕೆಂಡಿನಲ್ಲಿ ಎಂದು ಹೇಳುವ ಒಂದನ್ನೂ ನಾನು ನೋಡಲಿಲ್ಲ.

ಈ ಕೊರತೆ ತುಂಬಲು ಕಾಲೇಜುಗಳು ಒಂದು ಪ್ರಯೋಗದಿಂದ ಶುರುಮಾಡಬಹುದು. ಬಾಹ್ಯಾಕಾಶ ನಿಲ್ದಾಣ ಮೈಸೂರಿನ ನೆತ್ತಿಯ ಮೇಲಿರುವ ಕ್ಷಣದಲ್ಲಿ ಕಲಬುರಗಿಯವರಿಗೆ ಅದು ತೆಂಕಣದಲ್ಲಿ, ದಿಗಂತದಿಂದ ಸುಮಾರು 35 ಡಿಗ್ರಿ ಮೇಲೆ ಇರುತ್ತದೆ. ಎರಡೂ ಊರಿನ ವಿದ್ಯಾರ್ಥಿಗಳು ಒಂದೇ ಗಡಿಯಾರಕ್ಕೆ ಹೊಂದಿಕೊಂಡು, ಯಾವ ನಕ್ಷತ್ರಗಳ ನಡುವೆ ಕಂಡಿತೆಂದು ಬರೆದರೆ, ಪಿಯುಸಿಯ ತ್ರಿಕೋನಮಿತಿಯಲ್ಲೇ ಅದರ ಎತ್ತರ ಸಿಗುತ್ತದೆ. ಬೇಕಾದದ್ದು ಎರಡು ಸ್ಟಾಪ್‌ವಾಚ್, ಎರಡು ನಕ್ಷತ್ರಪಟ, ಮತ್ತು ಡಿಸೆಂಬರ್ ಜನವರಿಯ ಯಾವುದಾದರೂ ತಿಳಿಯಾದ ಬೆಳಗಿನ ಜಾವ.